ಕಿವಿಯಿಂದ ಕಲಿತ ಕನ್ನಡ

ಚಲನಚಿತ್ರದ ಹಾಡುಗಳನ್ನು ಕುರಿತು ಅಭಿಪ್ರಾಯವಿಲ್ಲದ ಮನುಷ್ಯನು ಬೆಂಗಳೂರಿನಲ್ಲಿ ದೊರೆಯುವುದು ದುರ್ಲಭ. ರಾಜಕೀಯದ ಮಾತು ಬಂದರೆ ‘ನಮಗೇಕೆ ಬಿಡಿ ಸ್ವಾಮಿ’ ಎಂದು ಕೈಚೆಲ್ಲುವ ಸಾಧುಪ್ರಾಣಿಗಳು ಕೂಡ, ಹಿನ್ನೆಲೆ ಗಾಯಕರಲ್ಲಿ ಯಾರು ಮೇಲೆಂಬ ಪ್ರಶ್ನೆ ಎದ್ದೊಡನೆ ಕಾಫಿಯ ಲೋಟವನ್ನು ಕೆಳಗಿಟ್ಟು ಯುದ್ಧಸನ್ನದ್ಧರಾಗುತ್ತಾರೆ. ಆದರೆ ಅಭಿಪ್ರಾಯವಿರುವುದು ಬೇರೆ; ಆ ಅಭಿಪ್ರಾಯದ ಮೇಲೆ ಬದುಕಿನ ಒಂದು ಭಾಗವನ್ನೇ ಕಟ್ಟಿಕೊಂಡಿರುವುದು ಬೇರೆ. ಸರ್ವಜ್ಞನಗರ ಕ್ಷೇತ್ರಕ್ಕೆ ಸೇರಿದ ಮಾರುತಿ ಸೇವಾನಗರದಲ್ಲಿ ವಾಸವಾಗಿರುವ ಹಿರಿಯರೊಬ್ಬರು ಈ ಎರಡನೆಯ ವರ್ಗದವರು. ದೂರವಾಣಿ ನಗರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಇವರನ್ನು ಬೀದಿಯ ಜನ ಕರೆಯುವುದು ‘ಹಾಡಿನ ತಾತ’ ಎಂದು. ಅವರು ಹಾಡುವುದಿಲ್ಲ. ಕೇಳುತ್ತಾರೆ, ಕೇಳಿ ತೀರ್ಪು ಕೊಡುತ್ತಾರೆ.

ಅವರು ಹುಟ್ಟಿದ್ದು ೧೯೪೭ರಲ್ಲಿ, ಹಲಸೂರಿನ ಸೋಮೇಶ್ವರ ದೇವಾಲಯದ ಹಿಂದಣ ಒಂದು ಗಲ್ಲಿಯಲ್ಲಿ. ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿದ್ದೂ ಅದೇ ವರ್ಷ. ೧೯೪೯ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಆದರೆ ಕಚೇರಿಗಳು ಒಂದಾದಷ್ಟು ಬೇಗನೆ ನಾಲಿಗೆಗಳು ಒಂದಾಗುವುದುಂಟೆ? ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ ಉರ್ದು, ಎದುರುಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಪಕ್ಕದ ವಠಾರದ ಆಂಗ್ಲೋ-ಇಂಡಿಯನ್ನರ ಮನೆಯಿಂದ ಭಾನುವಾರಗಳಂದು ಜಿಮ್ ರೀವ್ಸ್ ಮತ್ತು ಕ್ಲಿಫ್ ರಿಚರ್ಡರ ಗ್ರಾಮಫೋನ್ ತಟ್ಟೆಗಳು ಕೇಳಿಸುತ್ತಿದ್ದವು. ಕ್ಲಿಫ್ ರಿಚರ್ಡರು ಹುಟ್ಟಿದ್ದು ಲಕ್ನೋದಲ್ಲಿ ಎಂಬ ಸಂಗತಿಯನ್ನು ಆ ಮನೆಯವರು ತಮ್ಮ ಸ್ವಂತ ಸೋದರನ ವಿಷಯದಂತೆ ಹೇಳಿಕೊಳ್ಳುತ್ತಿದ್ದರಂತೆ. ಇಷ್ಟೆಲ್ಲ ಭಾಷೆಗಳ ನಡುವೆ ಕನ್ನಡವೊಂದೇ ಆ ಗಲ್ಲಿಗೆ ಅತಿಥಿಯಂತಿತ್ತು. ಶಿವಾಜಿನಗರದ ಎಲ್ಗಿನ್ ಮೊದಲಾದ ದಂಡಿನ ಟಾಕೀಸುಗಳಲ್ಲಿ ತಮಿಳು, ಹಿಂದಿ ಚಿತ್ರಗಳದೇ ಮೇಲುಗೈ. ಮಹಾತ್ಮಾ ಗಾಂಧಿ ರಸ್ತೆಯ ಪ್ಲಾಜಾದಲ್ಲಿ ಇಂಗ್ಲಿಷು. ಕನ್ನಡ ಚಿತ್ರ ಬೇಕೆನ್ನುವವರು ಸಾಮಾನ್ಯವಾಗಿ ಮೆಜೆಸ್ಟಿಕ್ಕಿನವರೆಗೆ ಪ್ರಯಾಣ ಮಾಡಬೇಕಾಗಿತ್ತು.

ಹಾಗೆ ಮೊದಲ ಪ್ರಯಾಣ ಮಾಡಿಸಿದವರು ಅಜ್ಜಿ. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ, ಕನ್ನಡದ ಒಂದಕ್ಷರವನ್ನೂ ಅರಿಯದ ಆ ಮುದುಕಿ ಮೊಮ್ಮಗನ ಕೈಹಿಡಿದು ಹೊರಟರು. ಕಾರಣ ಸರಳವಾದುದು. ಕಣ್ಣಪ್ಪ ನಾಯನಾರರು ತಮಿಳರ ಅರವತ್ತುಮೂರು ಶಿವಭಕ್ತರಲ್ಲಿ ಒಬ್ಬರು. ಕಥೆ ಅವರಿಗೆ ಬಾಯಿಪಾಠ. ಕನ್ನಡದಲ್ಲಿ ಹರಿಹರನು ಇದೇ ಕಣ್ಣಪ್ಪನ ಮೇಲೆ ರಗಳೆಯನ್ನು ರಚಿಸಿದ್ದಾನೆಂಬುದು ಅಜ್ಜಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ತೆರೆಯ ಮೇಲೆ ಹೊಸಬನೊಬ್ಬ ಕಣ್ಣು ಕಿತ್ತು ಶಿವನಿಗೆ ಅರ್ಪಿಸಿದಾಗ ಅವರು ತಮಿಳಿನಲ್ಲಿಯೇ ಅತ್ತರು. ಆ ಹೊಸಬರು ರಾಜಕುಮಾರರು. ನಾಯಕರಾಗಿ ಅವರಿಗೆ ಅದು ಮೊದಲ ಚಿತ್ರ.

ಅದರಲ್ಲಿ ಕಣ್ಣಪ್ಪನಿಗೆ ದನಿಗೊಟ್ಟವರು ಸಿ. ಎಸ್. ಜಯರಾಮನ್. ತಮಿಳು ಚಿತ್ರರಂಗದ ಪ್ರಸಿದ್ಧ ಗಾಯಕರು. ಅವರ ಉಚ್ಚಾರಣೆಯಲ್ಲಿ ತಮಿಳಿನ ಛಾಯೆಯುಂಟೆಂದು ಹೇಳುವವರಿದ್ದಾರೆ. ಇರಬಹುದು. ಈ ಹಿರಿಯರು ಆ ದೋಷವನ್ನು ಒಪ್ಪಿಕೊಂಡೇ ಅದನ್ನು ಪ್ರೀತಿಸುತ್ತಾರೆ. ಏಳು ವರ್ಷದ ಹುಡುಗನಿಗೆ ಕನ್ನಡವು ಮೊದಲು ಕೇಳಿಸಿದ್ದು ತನ್ನ ಮನೆಯವರು ಮಾತನಾಡುವ ದನಿಯಲ್ಲಿ. ಆದ್ದರಿಂದ ಅದು ಪರಕೀಯವೆನಿಸಲಿಲ್ಲ.

ಪರಕೀಯವಲ್ಲದಿದ್ದರೂ ಕಠಿಣವಾಗಿತ್ತು. ತಮಿಳಿನಲ್ಲಿ ಪ, ಫ, ಬ, ಭ ಈ ನಾಲ್ಕಕ್ಕೂ ಅಕ್ಷರ ಒಂದೇ. ಕ ವರ್ಗಕ್ಕೂ ಅದೇ ಗತಿ. ೧೯೬೦ರಲ್ಲಿ ‘ಭಕ್ತ ಕನಕದಾಸ’ ತೆರೆಕಂಡಾಗ, ಹದಿಮೂರರ ಬಾಲಕನ ಬಾಯಲ್ಲಿ ಆ ಹೆಸರು ‘ಬಕ್ತ ಕನಗದಾಸ’ ಎಂದೇ ಹೊರಟಿತ್ತು. ಶಾಲೆಯ ಕನ್ನಡದ ಹುಡುಗರು ನಕ್ಕರು. (ಮಹಾಪ್ರಾಣದ ವಿಷಯದಲ್ಲಿ ಮನೆಮಾತು ಕನ್ನಡವಾದವರೆಲ್ಲರೂ ನಗುವ ಅಧಿಕಾರವುಳ್ಳವರೇನಲ್ಲ; ಆ ಮಾತು ಇರಲಿ.) ಆ ಚಿತ್ರದಲ್ಲಿ ಕೃಷ್ಣನ ಗುಡಿಯ ಬಾಗಿಲಲ್ಲಿ ನಿಂತು ಸೇವೆಯನ್ನು ಬೇಡುವ ಕನಕನ ಪದವನ್ನು ಪಿ. ಬಿ. ಶ್ರೀನಿವಾಸರು ಹಾಡಿದ್ದರು. ಹುಡುಗನು ಹೋಟೆಲಿನ ರೇಡಿಯೋದೆದುರು ನಿಂತು ಆ ಪದವನ್ನು ಕೇಳಿದನು, ಮತ್ತೆ ಕೇಳಿದನು. ಇಲ್ಲಿ ಉಸಿರು ಹೆಚ್ಚು ಹೊರಡುತ್ತದೆ, ಇಲ್ಲಿ ಹೊರಡುವುದಿಲ್ಲ. ಇಲ್ಲಿ ನಾಲಿಗೆ ಮೇಲಕ್ಕೆ ಮಡಿಯುತ್ತದೆ, ಇಲ್ಲಿ ಹಲ್ಲಿಗೆ ತಾಗುತ್ತದೆ ಎಂದು ಕಿವಿಯಿಂದಲೇ ಗುರುತಿಸಿಕೊಂಡನು. ವ್ಯಾಕರಣದ ಪುಸ್ತಕ ಮಾಡದಿದ್ದ ಕೆಲಸವನ್ನು ಒಂದು ಕಂಠ ಮಾಡಿತು.

ಆ ಕಂಠವಾದರೂ ಕನ್ನಡಿಗರದೆ? ಪಿ. ಬಿ. ಶ್ರೀನಿವಾಸರು ೧೯೩೦ರಲ್ಲಿ ಹುಟ್ಟಿದ್ದು ಕಾಕಿನಾಡದಲ್ಲಿ, ಮನೆಮಾತು ತೆಲುಗು, ಜೀವನವೆಲ್ಲ ಕಳೆದದ್ದು ಮದರಾಸಿನಲ್ಲಿ. ಅಂದಿನ ಕನ್ನಡ ಚಿತ್ರಗಳ ಹಾಡುಗಳು ಬಹುಮಟ್ಟಿಗೆ ಮುದ್ರಣವಾಗುತ್ತಿದ್ದುದೂ ಅಲ್ಲಿಯೇ. ತಲೆಯ ಮೇಲೆ ಜರತಾರಿ ಪೇಟ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳು. ಉಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕುಳಿತು ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದ ವ್ಯಕ್ತಿ. ತೆಲುಗಿನ ವರ್ಣಮಾಲೆಯೂ ಕನ್ನಡದ ವರ್ಣಮಾಲೆಯೂ ಒಡಹುಟ್ಟಿದವು. ಮಹಾಪ್ರಾಣವೂ ಉಂಟು, ಳಕಾರವೂ ಉಂಟು. ಜೊತೆಗೆ ಕಲಿಯುವ ಶ್ರದ್ಧೆಯೂ ಇದ್ದಿತು. ‘ಹೊರಗಿನಿಂದ ಬಂದವನು ಹೊಸ್ತಿಲನ್ನು ನೋಡಿಕೊಂಡು ಕಾಲಿಡುತ್ತಾನೆ, ಮನೆಯವನು ಎಡವುತ್ತಾನೆ’ ಎಂಬುದು ಹಿರಿಯರ ಅಂಬೋಣ. ಇದು ಪಿ.ಬಿ.ಎಸ್. ಅವರನ್ನು ಕುರಿತ ಮಾತೋ ತಮ್ಮನ್ನು ಕುರಿತ ಮಾತೋ ಎಂದು ಕೇಳಿದರೆ ಅವರು ಉತ್ತರಿಸುವುದಿಲ್ಲ.

ಕಿವಿ ಕಲಿಸಿದ ಪಾಠವನ್ನು ಕಣ್ಣಿಗೆ ದಾಟಿಸಿದ್ದು ಹಾಡಿನ ಪುಸ್ತಕಗಳು. ಈಗಿನ ಮಕ್ಕಳು ಅವನ್ನು ಕಂಡರಿಯರು. ಟಾಕೀಸಿನ ಬಾಗಿಲಲ್ಲಿ ಕೆಲವೇ ಕಾಸಿಗೆ ದೊರೆಯುತ್ತಿದ್ದ ತೆಳು ಕಾಗದದ ಹೊತ್ತಗೆ. ಮೊದಲು ತಾರಾಗಣ, ಬಳಿಕ ಕಥಾಸಾರಾಂಶ, ಅನಂತರ ಹಾಡುಗಳು. ಕಥೆಯು ನಾಯಕಿ ಸಂಕಟದಲ್ಲಿ ಸಿಲುಕಿದ ಕೂಡಲೆ ನಿಂತು, ಮುಂದಿನದನ್ನು ಬೆಳ್ಳಿಯ ತೆರೆಯ ಮೇಲೆ ನೋಡಿರೆಂದು ಕೈಮುಗಿಯುತ್ತಿತ್ತು. ಹುಡುಗನಿಗೆ ಬೇಕಾದುದು ಕಥೆಯಲ್ಲ, ಸಾಲುಗಳು. ರೇಡಿಯೋದಲ್ಲಿ ಹಾಡು ಬರುವಾಗ ಬೆರಳಿಟ್ಟು ಅಕ್ಷರವನ್ನು ಹಿಂಬಾಲಿಸಿ ಓದಲು ಕಲಿತನು. ರೇಡಿಯೋದಲ್ಲಾದರೂ ಹಾಡು ಸುಲಭವಾಗಿ ಬರುತ್ತಿರಲಿಲ್ಲ. ೧೯೫೨ರಿಂದ ಕೆಲವು ವರ್ಷ ಆಕಾಶವಾಣಿಯು ಚಿತ್ರಗೀತೆಗಳಿಗೆ ಬಾಗಿಲು ಹಾಕಿತ್ತು. ಸಿಲೋನ್ ರೇಡಿಯೋದಿಂದ ಹಿಂದಿಯ ಬಿನಾಕಾ ಗೀತಮಾಲಾ ಬೀದಿಬೀದಿಯನ್ನು ಆಳುತ್ತಿತ್ತು. ೧೯೫೭ರಲ್ಲಿ ವಿವಿಧಭಾರತಿ ಹುಟ್ಟಿದ ಮೇಲೆ ಸರ್ಕಾರಕ್ಕೂ ಸಿನಿಮಾ ಸಂಗೀತಕ್ಕೂ ರಾಜಿಯಾಯಿತು.

ಇನ್ನು ಅವರ ತೀರ್ಪುಗಳು. ಒಪ್ಪುವುದು ಬಿಡುವುದು ವಾಚಕರ ಚಿತ್ತ.

ಎಲ್ಲಕ್ಕಿಂತ ಮೇಲೆ ಅವರು ಇರಿಸುವುದು ‘ನಾಂದಿ’ಯನ್ನು. ಎನ್. ಲಕ್ಷ್ಮೀನಾರಾಯಣರು ೧೯೬೪ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಪಾತ್ರ ಹರಿಣಿಯವರದು, ಉಪಾಧ್ಯಾಯನ ಪಾತ್ರ ರಾಜಕುಮಾರರದು, ಸಂಗೀತ ವಿಜಯಭಾಸ್ಕರರದು. ಅದರಲ್ಲಿ ತಂದೆಯು ಮಗುವಿಗೆ ಹಾಡುವ ಹಾಡೊಂದುಂಟು. ಕೇಳಿಸದವರ ಕಥೆಯಲ್ಲಿ ಹಾಡನ್ನು ಇರಿಸುವುದು ಎಂಥ ಧೈರ್ಯ! ಪಿ.ಬಿ.ಎಸ್. ಅಲ್ಲಿ ದನಿಯನ್ನು ಎಲ್ಲಿಯೂ ಏರಿಸುವುದಿಲ್ಲ. ದುಃಖವನ್ನು ಪ್ರದರ್ಶಿಸುವುದಿಲ್ಲ. ಮಗು ಎಚ್ಚರಗೊಂಡೀತೆಂಬ ಭಯದಿಂದ ಹಾಡಿದಂತೆ ಹಾಡುತ್ತಾರೆ. ಚಿತ್ರಸಂಗೀತವೆಂದರೆ ಅಬ್ಬರವೆಂದು ಮೂಗು ಮುರಿಯುವ ಸಂಗೀತ ವಿದ್ವಾಂಸರ ಮುಂದೆ ಈ ಒಂದು ಹಾಡನ್ನು ಇಟ್ಟರೆ ಸಾಕೆಂದು ಅವರ ವಾದ. ವಾದದಲ್ಲಿ ಹುರುಳುಂಟು.

‘ವೀರಕೇಸರಿ’ಯ (೧೯೬೩) ಸುಪ್ರಸಿದ್ಧ ಯುಗಳಗೀತೆಯ ವಿಷಯದಲ್ಲಿ ಅವರು ದಿನನಿತ್ಯ ಜಗಳಕ್ಕೆ ಸಿದ್ಧ. ಅದನ್ನು ಪಿ.ಬಿ.ಎಸ್. ಹಾಡಿದರೆಂದು ನಂಬಿರುವವರ ಸಂಖ್ಯೆ ಸಣ್ಣದಲ್ಲ. ಹಾಡಿದವರು ಘಂಟಸಾಲ ಮತ್ತು ಪಿ. ಸುಶೀಲಾ. ತಮ್ಮ ಆರಾಧ್ಯ ಗಾಯಕನಿಗೆ ಸಲ್ಲದ ಕೀರ್ತಿಯನ್ನು ಅವರೇ ಕಿತ್ತು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಅಭಿಮಾನಿಗಳಲ್ಲಿ ಈ ಪ್ರಾಮಾಣಿಕತೆ ವಿರಳ.

‘ಸಂಧ್ಯಾರಾಗ’ಕ್ಕೆ (೧೯೬೬) ಅವರು ಕೊಡುವುದು ಗೌರವ, ಪ್ರೀತಿಯಲ್ಲ. ಅ.ನ.ಕೃ. ಅವರ ಕಾದಂಬರಿ, ಭೀಮಸೇನ ಜೋಶಿ ಮತ್ತು ಬಾಲಮುರಳೀಕೃಷ್ಣರಂಥ ಘಟಾನುಘಟಿಗಳ ಗಾಯನ. ‘ಅಷ್ಟು ದೊಡ್ಡವರು ಹಾಡುವಾಗ ನಾವು ಜೊತೆಯಲ್ಲಿ ಗುನುಗುವುದು ಹೇಗೆ?’ ಎನ್ನುತ್ತಾರೆ. ಗುನುಗಲು ಬಾರದ ಹಾಡು ಸಭೆಗೆ ಸೇರಿದ್ದು, ಸಂಸಾರಕ್ಕಲ್ಲ. ಇಲ್ಲಿ ಅವರು ಅನ್ಯಾಯ ಮಾಡುತ್ತಾರೆ. ಆ ಚಿತ್ರವು ಅನೇಕ ಮನೆಗಳಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮೊದಲ ಮೆಟ್ಟಿಲಾದುದನ್ನು ಮರೆಯಲಾಗದು.

ಪುಟ್ಟಣ್ಣನವರು ‘ಬೆಳ್ಳಿಮೋಡ’ದಲ್ಲಿ (೧೯೬೭) ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಅಳವಡಿಸಿದಾಗ, ಹಿರಿಯರಿಗೆ ಅದು ಕವಿತೆಯೆಂದು ತಿಳಿದಿರಲಿಲ್ಲ. ಯಾರೋ ಒಳ್ಳೆಯ ಸಿನಿಮಾ ಕವಿ ಎಂದುಕೊಂಡಿದ್ದರು. ಕಾರ್ಖಾನೆಯ ಗೆಳೆಯರೊಬ್ಬರು ಬೇಂದ್ರೆಯವರ ‘ಗರಿ’ಯನ್ನು ತಂದುಕೊಟ್ಟ ಮೇಲೆ ತಿಳಿಯಿತು. ಅಲ್ಲಿಂದ ‘ಮೈಸೂರ ಮಲ್ಲಿಗೆ’ಗೆ ಹೋದರು. ಪಠ್ಯಪುಸ್ತಕದಿಂದ ಕಾವ್ಯಕ್ಕೆ ಬಂದವರು ಪರೀಕ್ಷೆ ಮುಗಿದೊಡನೆ ಹಿಂದಿರುಗುವುದುಂಟು. ಸಿನಿಮಾದಿಂದ ಬಂದ ಇವರು ಹಿಂದಿರುಗಲಿಲ್ಲ. ‘ಶರಪಂಜರ’ದಲ್ಲಿ (೧೯೭೧) ಮತ್ತೆ ಬೇಂದ್ರೆಯವರ ಪದ್ಯ ಬರುವ ಹೊತ್ತಿಗೆ, ಪಕ್ಕದ ಆಸನದವರಿಗೆ ಕವಿಯ ಹೆಸರನ್ನು ಹೇಳುವಷ್ಟು ಬೆಳೆದಿದ್ದರು. ಪಕ್ಕದವರು ಸುಮ್ಮನಿರುವಂತೆ ಹೇಳಿದರಂತೆ.

ಹೊಸಕಾಲದ ವಿಷಯದಲ್ಲಿ ಅವರ ಕೈ ಬಿಗಿ. ‘ಪ್ರೇಮಲೋಕ’ದ (೧೯೮೭) ತಾಳವಾದ್ಯಗಳು ಕಿವಿಗೆ ಹೆಚ್ಚಾದವು; ಆದರೆ ಹಂಸಲೇಖರು ಆಡುಮಾತನ್ನು ಹಾಡಿಗೆ ಕೂಡಿಸಿದ ಚಾತುರ್ಯಕ್ಕೆ ತಲೆದೂಗುತ್ತಾರೆ. ಇಂದಿನ ಹಾಡುಗಳಿಗೆ ಅವರ ಒಂದೇ ಪ್ರಶ್ನೆ: ಗಾಯಕನಿಗೆ ತಾನು ಏನು ಹಾಡುತ್ತಿದ್ದೇನೆಂದು ಗೊತ್ತಿದೆಯೆ?

ಆದರೆ ಇವೆಲ್ಲ ಲಘು ವ್ಯಾಜ್ಯಗಳು. ದೊಡ್ಡ ವ್ಯಾಜ್ಯ ಹೂಡಿದ್ದು ೧೯೭೪ರಲ್ಲಿ. ಆ ವರ್ಷ ಬಂದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಜಿ. ಕೆ. ವೆಂಕಟೇಶರ ಸಂಗೀತಕ್ಕೆ, ಎಮ್ಮೆಯ ಬೆನ್ನಿನ ಮೇಲೆ ಕುಳಿತ ರಾಜಕುಮಾರರು ತಮ್ಮ ಸ್ವಂತ ದನಿಯಲ್ಲಿ ಹಾಡಿದರು. ೧೯೫೯ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಅವರು ಒಮ್ಮೆ ಹಾಡಿದ್ದುಂಟು, ರಂಗಭೂಮಿಯಲ್ಲಿ ಹಾಡಿ ಪಳಗಿದ ಕಂಠವೇ ಅದು. ಆದರೂ ಹದಿನಾಲ್ಕು ವರ್ಷ ನಾಡಿಗೆ ನಾಡೇ ರಾಜಕುಮಾರರ ಮುಖಕ್ಕೆ ಪಿ.ಬಿ.ಎಸ್. ದನಿಯನ್ನು ಹೊಂದಿಸಿಕೊಂಡಿತ್ತು. ತಾವು ಶರೀರ, ಶ್ರೀನಿವಾಸರು ಶಾರೀರ ಎಂದು ರಾಜಕುಮಾರರೇ ಹೇಳುತ್ತಿದ್ದುದು ಪ್ರಸಿದ್ಧ. ಎಮ್ಮೆಯ ಹಾಡು ಜಯಭೇರಿ ಹೊಡೆದ ಬಳಿಕ ಶರೀರವೂ ಶಾರೀರವೂ ಒಂದಾದವು. ಶ್ರೀನಿವಾಸರು ಕ್ರಮೇಣ ಹಿಂದೆ ಸರಿದರು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜಯಘೋಷವೋ ಜಯಘೋಷ. ಮಂಡ್ಯದ ಕಡೆಯ ಗೆಳೆಯರೊಬ್ಬರು, ಬೇಂದ್ರೆಯವರ ಪುಸ್ತಕ ತಂದುಕೊಟ್ಟಿದ್ದ ಅವರೇ, ಹರ್ಷದಿಂದ ಹೇಳಿದರು: ‘ನೋಡಿ ಅಣ್ಣ, ಇನ್ನ್ ನಮ್ಮ ಹಾಡು ನಮ್ಮೋರ ಬಾಯಲ್ಲೇ ಬತ್ತದೆ. ಹೊರಗಿನೋರು ಯಾಕೆ?’

ಗೆಳೆಯರ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ. ಎದುರಿಗೆ ಕುಳಿತವರು ಯಾರೆಂಬುದನ್ನು ಅವರು ಮರೆತಿದ್ದರು; ಅಷ್ಟು ಚೆನ್ನಾಗಿ ಹಿರಿಯರು ಕನ್ನಡ ಮಾತನಾಡುತ್ತಿದ್ದರು. ಹಿರಿಯರು ಊಟದ ಡಬ್ಬಿಯನ್ನು ಮುಚ್ಚಿ ಎದ್ದರು. ಆ ಮಾತಿಗೆ ಅಂದು ಅವರು ಉತ್ತರ ಹೇಳಲಿಲ್ಲ. ರಾಜಕುಮಾರರ ದನಿ ಒಳ್ಳೆಯದಲ್ಲವೆಂದು ಅವರು ಯಾವತ್ತೂ ಹೇಳಿದವರಲ್ಲ. ೧೯೯೨ರ ‘ಜೀವನಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಬೀದಿಗೆಲ್ಲ ಸಕ್ಕರೆ ಹಂಚಿದವರು. ಅವರ ಅಳಲು ಬೇರೆ. ಹೊರಗಿನ ಕಂಠವು ಹದಿನಾಲ್ಕು ವರ್ಷ ಹಾಡಿದ ಮೇಲೆಯೂ ಹೊರಗಿನದೇ ಆಗಿ ಉಳಿದರೆ, ಆ ಕಂಠದಿಂದ ಕನ್ನಡ ಕಲಿತವನು ಎಷ್ಟು ವರ್ಷಕ್ಕೆ ಒಳಗಿನವನಾಗುತ್ತಾನೆ?

ಈ ಪ್ರಶ್ನೆ ಹದಿನೇಳು ವರ್ಷಗಳ ಬಳಿಕ ಬೀದಿಗೇ ಬಂದು ನಿಂತಿತು. ೧೯೯೧ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ಗಲಭೆಯೆದ್ದು, ತಮಿಳು ಮನೆಮಾತಿನವರು ಹೆದರಿ ಬಾಗಿಲು ಹಾಕಿಕೊಂಡ ದಿನಗಳವು. ಅದೇ ವರ್ಷ ಹಲಸೂರು ಕೆರೆಯ ಬಳಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಗೆ ಬಟ್ಟೆ ಸುತ್ತಿದ್ದರು. ಹದಿನೆಂಟು ವರ್ಷ ಅದು ಹಾಗೆಯೇ ನಿಂತಿತ್ತು. ಹಿತೈಷಿಗಳಾದ ನೆರೆಯವರೊಬ್ಬರು ಸಂಜೆಗತ್ತಲಲ್ಲಿ ಬಂದು ಮೆಲ್ಲನೆ ಉಪಾಯ ಹೇಳಿದರು: ‘ನಿಮ್ಮ ಹತ್ತಿರ ಅಷ್ಟೊಂದು ಕ್ಯಾಸೆಟ್ ಇದೆಯಲ್ಲ ಸಾರ್, ರಾಜಕುಮಾರ್ ಹಾಡು ಜೋರಾಗಿ ಹಾಕಿಬಿಡಿ. ಬೀದಿಗೆ ಕೇಳಿಸಲಿ. ಯಾರೂ ಈ ಕಡೆ ಬರೋಲ್ಲ.’

ಉಪಾಯ ಬುದ್ಧಿವಂತಿಕೆಯದು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ಹಿರಿಯರು ಟೇಪ್‌ರೆಕಾರ್ಡರಿನವರೆಗೆ ಹೋದರು. ಪ್ಲಗ್ಗನ್ನು ಕಿತ್ತು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೂವತ್ತು ವರ್ಷ ಪ್ರೀತಿಯಿಂದ ಕೇಳಿದ್ದನ್ನು ಒಂದು ರಾತ್ರಿ ರಹದಾರಿಯಂತೆ ಬಾಗಿಲಿಗೆ ತೂಗುಹಾಕಲು ಮನಸ್ಸೊಪ್ಪಲಿಲ್ಲ. ಅದು ಹಟವೆ, ಅಭಿಮಾನವೆ, ಅವಿವೇಕವೆ? ಹೆಂಡತಿಯವರ ಮತದಲ್ಲಿ ಶುದ್ಧ ಅವಿವೇಕ. ಹೆಂಡತಿಯವರ ಪಕ್ಷದಲ್ಲಿಯೂ ನ್ಯಾಯವಿದೆ. ಪುಣ್ಯಕ್ಕೆ ಆ ಬೀದಿಗೆ ಯಾರೂ ಬರಲಿಲ್ಲ. ಮೂರನೆಯ ದಿನ ಮಂಡ್ಯದ ಗೆಳೆಯರು ಸೈಕಲ್ಲಿನ ಹಿಂದೆ ಅಕ್ಕಿಯ ಚೀಲ ಕಟ್ಟಿಕೊಂಡು ದೂರವಾಣಿ ನಗರದಿಂದ ಬಂದರು. ಚೀಲವನ್ನು ಒಳಗಿಟ್ಟು ಕುಳಿತು, ಅತ್ತಿತ್ತ ನೋಡಿ, ‘ಏನಣ್ಣ, ಮನೆ ಇಷ್ಟು ಸಪ್ಪಗೆ? ನಿಮ್ಮ ಶ್ರೀನಿವಾಸ ಎಲ್ಲೋದ?’ ಎಂದು ಕೇಳಿದರು. ಆಗ ಬೀರುವಿನ ಬೀಗ ತೆರೆಯಿತು. ಹಾಕಿದ್ದು ಕನಕದಾಸರ ಪದ. ಪಕ್ಕದ ಮನೆಗೂ ಕೇಳಿಸದಷ್ಟು ಮೆಲ್ಲಗೆ.

ತಿರುವಳ್ಳುವರ ಮೈಮೇಲಿನ ಬಟ್ಟೆ ೨೦೦೯ರ ಆಗಸ್ಟಿನಲ್ಲಿ ಬಿಚ್ಚಿತು. ಅದೇ ವಾರ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ನಿಂತಿತು. ಹಿರಿಯರು ವಾಸವಾಗಿರುವ ಕ್ಷೇತ್ರಕ್ಕೆ ಆ ವಚನಕಾರನ ಹೆಸರೇ ಇದೆ. ಅತ್ತ ಅವರು ಓಡಾಡಿದ ಚಿತ್ರಮಂದಿರಗಳು ಒಂದೊಂದಾಗಿ ಹೋದವು. ೧೯೩೬ರಲ್ಲಿ ತೆರೆದ ಪ್ಲಾಜಾ ಇದ್ದೆಡೆ ಮೆಟ್ರೋ ನಿಲ್ದಾಣವಿದೆ. ಹಲಸೂರಿನ ಲಿಡೋ ಇದ್ದೆಡೆ ಮಳಿಗೆಗಳ ಸೌಧ. ರೆಕ್ಸ್ ೨೦೧೮ರ ಕೊನೆಗೆ ಮುಚ್ಚಿತು. ಇದಕ್ಕಾಗಿ ಅವರು ಕಣ್ಣೀರು ಹಾಕುವುದಿಲ್ಲ. ಕನ್ನಡ ಚಿತ್ರಕ್ಕಾಗಿ ತಾವು ಹೋಗುತ್ತಿದ್ದುದು ಕೆಂಪೇಗೌಡ ರಸ್ತೆಗೆ, ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ ಸ್ಟೇಟ್ಸ್ ಟಾಕೀಸಿಗೆ. ದಂಡಿನ ಟಾಕೀಸುಗಳು ತಮ್ಮ ಕನ್ನಡಕ್ಕೆ ಅಷ್ಟೇನೂ ಉಪಕಾರ ಮಾಡಿದವಲ್ಲ ಎಂಬುದು ಅವರ ನಿಷ್ಠುರ ಲೆಕ್ಕ.

೨೦೧೩ರ ಏಪ್ರಿಲ್ ೧೪ರಂದು ಪಿ. ಬಿ. ಶ್ರೀನಿವಾಸರು ಚೆನ್ನೈನಲ್ಲಿ ತೀರಿಕೊಂಡರು. ಆ ವಾರದಿಂದ ಹಿರಿಯರು ದಪ್ಪ ರಟ್ಟಿನ ನೋಟುಪುಸ್ತಕವೊಂದರಲ್ಲಿ ಹಾಡುಗಳ ಪಟ್ಟಿ ಬರೆಯತೊಡಗಿದ್ದಾರೆ. ಚಿತ್ರ, ವರ್ಷ, ಕವಿ, ಸಂಗೀತ, ಗಾಯಕ. ಮೊಬೈಲಿನಲ್ಲಿ ಹಾಡು ಕೇಳುವವರು ಗಾಯಕರ ಹೆಸರನ್ನು ಅದಲುಬದಲಾಗಿ ಬರೆದಿರುವುದನ್ನು ಕಂಡು ಸಹಿಸಲಾರದೆ ಕೈಗೊಂಡ ಕೆಲಸ. ಕು. ರಾ. ಸೀತಾರಾಮಶಾಸ್ತ್ರಿ, ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್ ಮೊದಲಾದ ಕವಿಗಳ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ಅವರನ್ನೇ ಜನ ಮೊದಲು ಮರೆಯುತ್ತಾರೆಂದು. ಅಕ್ಷರ ಗುಂಡಗೆ, ಮಹಾಪ್ರಾಣಗಳ ಸೀಳು ಸ್ವಲ್ಪ ಉದ್ದ. ಅನುಮಾನವಿದ್ದೆಡೆ ಅಂಚಿನಲ್ಲಿ ತಮಿಳಿನಲ್ಲಿ ಪ್ರಶ್ನೆ ಹಾಕಿಕೊಂಡಿರುತ್ತಾರೆ.

ಪಟ್ಟಿ ೧೯೭೪ಕ್ಕೆ ಬಂದು ತಿಂಗಳುಗಟ್ಟಲೆ ನಿಂತಿತ್ತು. ಅನಂತರ ಒಂದು ದಿನ ‘ಸಂಪತ್ತಿಗೆ ಸವಾಲ್’ ಎಂದು ಬರೆದು, ಗಾಯಕರ ಹೆಸರಿನ ಕಡೆ ‘ಡಾ. ರಾ’ ಎಂದು ಆರಂಭಿಸಿದ್ದಾಗ, ಸೊಪ್ಪು ಸೋಸುತ್ತಿದ್ದ ಹೆಂಡತಿಯವರು ಭುಜದ ಮೇಲಿಂದ ಇಣುಕಿದರು. ಐವತ್ತು ವರ್ಷ ಈ ವ್ಯಾಜ್ಯವನ್ನು ಕೇಳಿ ದಣಿದ ಕಿವಿ ಅವರದು.

‘ಏನೂಂದ್ರೆ, ಶ್ರೀನಿವಾಸ್ ಜೊತೆ ಹಾಡಿದ್ದೂ ಎಸ್. ಜಾನಕಿ, ರಾಜಕುಮಾರ್ ಜೊತೆ ಹಾಡಿದ್ದೂ ಎಸ್. ಜಾನಕಿ, ಬಾಲಸುಬ್ರಹ್ಮಣ್ಯಂ ಜೊತೆ ಹಾಡಿದ್ದೂ ಎಸ್. ಜಾನಕಿ. ನಿಮ್ಮ ಪುಸ್ತಕದಲ್ಲಿ ಆಯಮ್ಮನಿಗೆ ಒಂದು ಸಾಲಾದರೂ ಬೇರೆ ಹಾಕಿದ್ದೀರಾ?’

ಹಿರಿಯರು ಹಿಂದಿನ ಹಾಳೆಗಳನ್ನು ತಿರುವಿ ನೋಡಿದರು. ಹಾಕಿರಲಿಲ್ಲ. ಅಡ್ಡಗೆರೆ ಎಳೆಯುವ ಕೆಲಸ ೧೯೫೮ರ ‘ಕೃಷ್ಣಗಾರುಡಿ’ಯಿಂದ ಮತ್ತೆ ಆರಂಭವಾಗಿದೆ.